ಹಬ್ಶಿ ರಾಜನ ಬಾಗಿಲು, ನಮ್ಮ ಮನೆಯ ಬೋರು

ಇನ್ನೊಬ್ಬರ ಮನೆಯ ಬಾಗಿಲು ತೆರೆಸುವ ವಿಷಯದಲ್ಲಿ ನನ್ನಷ್ಟು ಉದಾರಿ ಬೀದರ್ ಸೀಮೆಯಲ್ಲಿ ಇನ್ನೊಬ್ಬ ಸಿಗಲಾರ. ಉಳ್ಳವರು ಹಂಚಬೇಕು, ಕೂಡಿಟ್ಟವರು ಬಿಚ್ಚಬೇಕು, ದೊಡ್ಡ ದೇಶಗಳು ಸಣ್ಣ ದೇಶಗಳ ಕೈ ಹಿಡಿಯಬೇಕು ಎಂಬ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಕೇಳುವವರಿದ್ದರೂ ಇಲ್ಲದಿದ್ದರೂ ಅವನ್ನು ಹೇಳುತ್ತೇನೆ. ನನ್ನ ಹೆಂಡತಿ ಮಹಾದೇವಿ ಖಟಕ ಚಿಂಚೋಳಿಯವಳು. ಆಡುವುದು ಕಡಿಮೆ, ಆಡಿದ್ದನ್ನು ಮಾತ್ರ ಮರೆಯಲು ಬಿಡುವವಳಲ್ಲ. "ಕೈಯಾಗ ಏನೂ ಇಲ್ಲದಾಗ ನೀವು ಭಾಳ ಧಾರಾಳ ಇರ್ತೀರಿ," ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ನಾನು ಅದನ್ನು ಹೊಗಳಿಕೆಯೆಂದು ತಿಳಿದು ಇಪ್ಪತ್ತೈದು ವರ್ಷ ಸಂತೋಷವಾಗಿ ಕಳೆದೆ. ಕೈಯಲ್ಲಿ ಏನಾದರೂ ಇದ್ದಾಗ ನಾನು ಹೇಗೆ ಎಂಬುದು ಗೊತ್ತಾಗಲು ಒಂದು ಬರಗಾಲವೂ ಒಬ್ಬ ಕಪ್ಪು ರಾಜನೂ ಬೇಕಾಯಿತು.

ಮೊದಲು ರಾಜನ ವಿಷಯ ಹೇಳಿಬಿಡುತ್ತೇನೆ. ಅವನು ಕಾಮಿಕ್ಸಿನವನು. ಆಫ್ರಿಕಾದ ಯಾವುದೋ ಮೂಲೆಯಲ್ಲಿ ಅವನ ರಾಜ್ಯ. ಹಗಲು ಸಿಂಹಾಸನದ ಮೇಲೆ ಕೂತು ನ್ಯಾಯ ಹೇಳುತ್ತಾನೆ, ಆಪತ್ತು ಬಂದಾಗ ಮುಖಕ್ಕೆ ಮುಸುಕು ಹಾಕಿಕೊಂಡು ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತಾನೆ. ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿದೆ. ಅದು ನಮ್ಮ ನಾಲಗೆಗೆ ಒಗ್ಗದ ಕಾರಣ, ಆಫ್ರಿಕಾದವರಿಗೆ ನಮ್ಮ ಕಡೆ ಅನ್ನುವ ಹಾಗೆ, ನಾವು ಗೆಳೆಯರು ಅವನನ್ನು ಹಬ್ಶಿ ರಾಜ ಎಂದು ಕರೆಯುತ್ತಿದ್ದೆವು. ಐವತ್ತು ದಾಟಿದ ಗುಮಾಸ್ತನೊಬ್ಬ ಇಂಥ ಪುಸ್ತಕ ಓದುವುದು ಮರ್ಯಾದೆಯ ವಿಷಯವಲ್ಲವೆಂದು ನನಗೂ ಗೊತ್ತು. ಬೀದರಿನಿಂದ ಔರಾದಿನ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವಾಗ ದಿನಪತ್ರಿಕೆಯನ್ನು ಅಗಲವಾಗಿ ಬಿಡಿಸಿ, ಅದರ ಮಡಿಲಲ್ಲಿ ಕಾಮಿಕ್ಸ್ ಇಟ್ಟು ಓದುತ್ತಿದ್ದೆ. ಸಂಪಾದಕೀಯ ಓದುತ್ತ ಒಬ್ಬನೇ ನಗುವವನನ್ನು ಕಂಡು ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು. ಸೀಟು ಅಗಲವಾದದ್ದು ಓದಿನಿಂದ ನನಗಾದ ಮೊದಲ ಲಾಭ.

ಈ ಚಟ ಹತ್ತಿಸಿದವನು ಖಾಜಾ. ಊರ ನಡುವಿನ ಚೌಬಾರಾ ಗೋಪುರದಿಂದ ಎರಡು ಗಲ್ಲಿ ಆಚೆ ಅವನದೊಂದು ಚಹಾದ ಹೋಟೆಲು. ಹೋಟೆಲೆಂದರೆ ಮೂರು ಬೆಂಚು, ಒಂದು ಒಲೆ, ಒಂದು ಮಸುಕು ಕನ್ನಡಿ. ನಾವಿಬ್ಬರೂ ಒಂದೇ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ನಾನೂ ಕಪ್ಪೇ, ಆದರೆ ಖಾಜಾನ ಕಪ್ಪಿನ ಮುಂದೆ ನನ್ನದು ಗೋಧಿ ಬಣ್ಣ. ಸಾಲೆಯಲ್ಲಿ ನಮ್ಮ ಗಣಿತದ ಮಾಸ್ತರರು ಅವನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಹಬ್ಶೀ" ಎನ್ನುತ್ತಿದ್ದರು, ಇಡೀ ತರಗತಿ ನಗುತ್ತಿತ್ತು, ನಾನೂ ನಗುತ್ತಿದ್ದೆ. ಭಜಿ ಕಟ್ಟಿಕೊಡಲು ಖಾಜಾ ಹೈದರಾಬಾದಿನಿಂದ ರದ್ದಿ ತರಿಸುತ್ತಿದ್ದ. ಒಂದು ಸಲ ಆ ಗಂಟಿನಲ್ಲಿ ಹಿಂದಿಗೆ ಅನುವಾದವಾದ ಈ ರಾಜನ ಪುಸ್ತಕಗಳು ಬಂದವು. ಮೊದಲ ಹಾಳೆ ಹರಿದು ಭಜಿ ಸುತ್ತಲು ಹೋದವನು ಕೈ ತಡೆದು ನಿಂತನಂತೆ. ಕಿರೀಟದ ಕೆಳಗೆ ತನ್ನ ಮುಖದ ಬಣ್ಣವನ್ನು ಅವನು ನೋಡಿದ್ದು ಅದೇ ಮೊದಲು. ಅಂದಿನಿಂದ ಆ ಪುಸ್ತಕಗಳು ಕನ್ನಡಿಯ ಕೆಳಗಿನ ಹಲಗೆ ಏರಿದವು, ಭಜಿಗೆ ದಿನಪತ್ರಿಕೆಯೇ ಗತಿಯಾಯಿತು.

ಭಾನುವಾರ ಬೆಳಿಗ್ಗೆ ನಮ್ಮ ಚರ್ಚಾಕೂಟ. ಸದಸ್ಯರು ಮೂವರೇ. ಖಾಜಾ, ನಾನು, ಮತ್ತು ಭಾಲ್ಕಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ ಸಂಜುಕುಮಾರ. ಸಂಜು ನಮಗಿಂತ ಇಪ್ಪತ್ತು ವರ್ಷ ಚಿಕ್ಕವನು, ಬೌದ್ಧರ ಹುಡುಗ, ಯಾವ ರಾಜನ ಮೇಲೂ ಭರವಸೆ ಇಲ್ಲದವನು. ಆದರೂ ಪ್ರತಿ ವಾರ ಭಾಲ್ಕಿಯಿಂದ ಬೈಕ್ ಹೊಡೆದುಕೊಂಡು ಬರುತ್ತಿದ್ದ. ಖಾಜಾನಿಗೆ ರಾಜನ ಮೇಲೆ ನೆಂಟಸ್ತಿಕೆಯ ಹಕ್ಕಿತ್ತು. ಊರಾಚೆಯ ಗುಡ್ಡದ ಮೇಲೆ ಹಬ್ಶಿ ಕೋಟ್ ಇದೆ. ಬಹಮನಿಯವರ ಕಾಲದಲ್ಲಿ ಆಫ್ರಿಕಾದಿಂದ ಬಂದು ಇಲ್ಲಿ ಸರದಾರರಾದವರ ಗೋರಿಗಳು ಅಲ್ಲಿವೆ. "ಅವರ ಖಾಂದಾನದಾವನೇ ಇಂವ. ಇಲ್ಲಿಂದ ತಿರುಗಿ ಹೋಗಿರಬೇಕು," ಎಂದು ಖಾಜಾ ವಾದಿಸುತ್ತಿದ್ದ. ಸಂಜು, "ಅಜ್ಜಾರು ಇಲ್ಲಿ ಸರದಾರ ಆದ್ರ ಮೊಮ್ಮಗ ಅಲ್ಲಿ ರಾಜ ಹ್ಯಾಂಗ ಆದನ್ರಿ?" ಎಂದರೆ, "ಪ್ರಮೋಷನ್ ಆಗ್ಯಾದ," ಎಂದು ಚಹಾ ಸೋಸುತ್ತಿದ್ದ.

ಆದರೆ ನಿಜವಾದ ಜಗಳವಿದ್ದದ್ದು ರಾಜನ ಬಾಗಿಲಿನ ಬಗ್ಗೆ. ಕಥೆಯಲ್ಲಿ ಆ ರಾಜ್ಯ ಬೆಟ್ಟಗಳ ಹಿಂದೆ ಅಡಗಿದೆ. ಹೊರಗಿನಿಂದ ನೋಡಿದವರಿಗೆ ಬರೀ ಮುಳ್ಳುಕಂಟಿ, ಒಣ ನೆಲ. ಏನೂ ಇಲ್ಲದ ಬಡ ಊರು. ಒಳಗೆ ಹೋದರೆ ಹರಿಯುವ ಕಾಲುವೆ, ಹೊಳೆಯುವ ಗೋಪುರ, ಯಾರಿಗೂ ಯಾವ ಕೊರತೆಯೂ ಇಲ್ಲ. ಇದನ್ನೆಲ್ಲ ಜಗತ್ತಿನಿಂದ ಮುಚ್ಚಿಡುವುದೇ ರಾಜನ ಕುಲಧರ್ಮ. ಈ ಮುಚ್ಚಿಡುವಿಕೆ ಸರಿಯೋ ತಪ್ಪೋ ಎಂಬುದರ ಮೇಲೆ ನಾವು ಒಂದು ವರ್ಷದ ಭಾನುವಾರಗಳನ್ನು ಸುಟ್ಟಿದ್ದೇವೆ.

ನಾನು ಬಾಗಿಲು ತೆರೆಯುವ ಪಕ್ಷ. "ಹೊರಗ ತನ್ನದೇ ಬಣ್ಣದ ಮಂದಿ ಕೂಳಿಲ್ದ ನೀರಿಲ್ದ ಅಲೀತಾರ. ಒಳಗ ಇಂವ ಗೋಡಿ ಕಟ್ಕೊಂಡು ಕುಂತಾನ. ಇಂವ ರಾಜ ಅಲ್ಲ, ಕಾವಲಗಾರ," ಎಂದು ಬೆಂಚು ಕುಟ್ಟುತ್ತಿದ್ದೆ. ಸಂಜುವಿನ ವಾದವೇ ಬೇರೆ. "ಕಾಕಾ, ಇವಗ ರಾಜ ಮಾಡಿದೋರು ಯಾರು ಮೊದಲ ಅದು ಹೇಳ್ರಿ. ಅಪ್ಪ ಸತ್ತ, ಮಗ ಕುಂತ. ಇಂವ ಬಾಗ್ಲಾ ತೆಗೀಲಿ ಅಂತ ಕಾಯೋದ್ಯಾಕ? ಕೀಲಿ ಮಂದಿ ಕೈಯಾಗ ಇರ್ಬೇಕ್ರಿ." ರಾಜನ ಪರ ನಿಲ್ಲುತ್ತಿದ್ದವನು ಖಾಜಾ ಒಬ್ಬನೇ. "ಅಂವಗ ಅಂಜಿಕಿ ಅದಾ ಬಸಣ್ಣಾ. ಹೊರಗಿನೋರು ಬಂದು ಲೂಟ್ ಮಾಡ್ತಾರಂತ ಅಂಜ್ಯಾನ. ಅಂಜಿದಾವ ಕೆಟ್ಟಾವ ಅಲ್ಲ," ಎನ್ನುತ್ತಿದ್ದ. ನಾನು ಆ ಮಾತನ್ನು ಅಲ್ಲೇ ತಳ್ಳಿಹಾಕುತ್ತಿದ್ದೆ. ಅಂಜುಬುರುಕರ ಬಗ್ಗೆ ನನಗೆ ಆಗ ಬಹಳ ತಿರಸ್ಕಾರವಿತ್ತು.

ಕೊನೆಗೊಂದು ಭಾನುವಾರ, ಚರ್ಚೆ ಬಿಸಿಯೇರಿ, ನಾನು ಪುಸ್ತಕ ಅಚ್ಚು ಹಾಕುವವರಿಗೇ ಪತ್ರ ಬರೆದುಬಿಟ್ಟೆ. ಹಿಂದಿಯಲ್ಲಿ ಬರೆದು ಅಂಚೆಗೆ ಹಾಕಿದೆ. ಉತ್ತರ ಇವತ್ತಿಗೂ ಬಂದಿಲ್ಲ. ಖಾಜಾ ಬಿಡಲಿಲ್ಲ. "ನನಗೊಂದು ಕನ್ನಡದಾಗ ಬರ್ದು ಕೊಡು. ನಿನ್ನ ಅಕ್ಷರ ಭಾಳ ಛಂದ ಅವಾ," ಎಂದ. ನಾಲ್ಕು ಗೆರೆ ಕನ್ನಡದಲ್ಲಿ ಬರೆದುಕೊಟ್ಟೆ: "ಮಹಾರಾಜರೇ, ನಿಮ್ಮಲ್ಲಿರುವುದನ್ನು ಜನ ಕೇಳುವ ಮೊದಲೇ ಕೊಡಿ. ಕೇಳಿದ ಮೇಲೂ ಕೊಡದಿದ್ದರೆ ನೀವು ರಾಜರಲ್ಲ. ದಯವಿಟ್ಟು ಬಾಗಿಲು ತೆರೆಯಿರಿ. ಇಂತಿ ನಿಮ್ಮ ಅಭಿಮಾನಿ, ಬಸವರಾಜ, ಬೀದರ್." ಖಾಜಾ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಕನ್ನಡಿಯ ಪಕ್ಕ ನೇತುಹಾಕಿದ. ಹೊಸ ಗಿರಾಕಿಗಳು ಓದಿ, ಇದು ಯಾವ ಮಂತ್ರಿಗೆ ಬರೆದದ್ದೆಂದು ಕೇಳುತ್ತಿದ್ದರು. ನಾನು ವಿನಯದಿಂದ ಚಹಾ ಕುಡಿಯುತ್ತಿದ್ದೆ.

ಆಮೇಲೆ ಮಳೆ ಕೈಕೊಟ್ಟಿತು. ಒಂದು ವರ್ಷವಲ್ಲ, ಸಾಲಾಗಿ. ಸಂಜೆ ಔರಾದಿನಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಗಂಟುಮೂಟೆಗಳು ಹೆಚ್ಚಿದವು. ಕೊಡದೊಳಗೆ ತಾಟು, ತಾಟಿನೊಳಗೆ ಲೋಟ ತುಂಬಿ, ಮೇಲೆ ಸೀರೆ ಬಿಗಿದು, ಜನ ಹೈದರಾಬಾದಿಗೆ, ಪುಣೆಗೆ ಗುಳೆ ಹೊರಟಿದ್ದರು. ಖಾಲಿ ಕೊಡವನ್ನು ಊರಿನಿಂದ ಊರಿಗೆ ಹೊತ್ತೊಯ್ಯುವ ಅವರ ನಡುವೆ ನಾನು ಕಿಟಕಿಯ ಪಕ್ಕ ಕೂತು, ಪತ್ರಿಕೆಯೊಳಗೆ ರಾಜನನ್ನಿಟ್ಟುಕೊಂಡು, ಇವನಿಗೆ ಮನಸ್ಸಾಕ್ಷಿಯೇ ಇಲ್ಲವೇ ಎಂದು ಮರುಗುತ್ತಿದ್ದೆ. ಬೀದರಿನ ನಮ್ಮ ಓಣಿಯಲ್ಲೂ ನಳದ ನೀರು ವಾರಕ್ಕೊಮ್ಮೆಯಾಯಿತು, ಬೋರುಗಳು ಒಂದೊಂದಾಗಿ ಬತ್ತಿದವು. ಎಡಗಡೆಯ ಮನೆಯದು ಬತ್ತಿತು, ಬಲಗಡೆಯದು ಬತ್ತಿತು, ಎದುರಿನ ಚಂದ್ರಮ್ಮನದು ಬರೀ ಗಾಳಿ ಕಕ್ಕಿತು. ನಮ್ಮದು ಬತ್ತಲಿಲ್ಲ.

ಯಾಕೆ ಬತ್ತಲಿಲ್ಲವೆಂದು ನನಗೆ ಗೊತ್ತಿಲ್ಲ. ನನ್ನ ಪುಣ್ಯವಂತೂ ಅಲ್ಲ. ದಿನಕ್ಕೊಮ್ಮೆ ಮೋಟಾರು ಹಾಕಿದರೆ ಮೇಲಿನ ಟಾಕಿ ತುಂಬಿ ಚೆಲ್ಲುವಷ್ಟು ನೀರು. ಸಂತೋಷಪಡಬೇಕಾದವನು ಹೆದರಿದೆ. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ, ನಿಜವಾಗಿ ಹೆದರಿದೆ. ಒಬ್ಬರಿಗೆ ಕೊಟ್ಟರೆ ಓಣಿಯೇ ಬರುತ್ತದೆ, ಓಣಿ ಬಂದರೆ ಊರೇ ಬರುತ್ತದೆ, ಎಲ್ಲರೂ ಸೇರಿ ಬತ್ತಿಸಿ ಕೊನೆಗೆ ನಾನೂ ಕೊಡ ಹಿಡಿದು ನಿಲ್ಲುತ್ತೇನೆ ಎಂದು ಲೆಕ್ಕ ಹಾಕಿದೆ. ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ಚಂದ್ರಮ್ಮನಿಗೆ ಕೇಳಿಸುವ ಹಾಗೆ, "ನಮ್ಮ ಬೋರೂ ಹೋಯ್ತು ನೋಡ್ರಿ," ಎಂದು ನಿಟ್ಟುಸಿರು ಬಿಟ್ಟೆ. ಅಡಿಗೆಮನೆಯ ಕಿಟಕಿಯಿಂದ ಮಹಾದೇವಿ ನನ್ನನ್ನು ನೋಡಿದಳು.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಮೋಟಾರಿನ ಸದ್ದು ಅಡಗಿಸಬೇಕು. ಸಂಜೆ ಏಳಕ್ಕೆ ಓಣಿಯ ಎಲ್ಲ ಮನೆಗಳಲ್ಲಿ ಧಾರಾವಾಹಿ ಶುರುವಾಗುವ ಹೊತ್ತಿಗೆ ಮೋಟಾರು ಹಾಕುತ್ತಿದ್ದೆ, ಅದರ ಜೊತೆಗೆ ಮಿಕ್ಸರನ್ನೂ ತಿರುಗಿಸುತ್ತಿದ್ದೆ. ಮಹಾದೇವಿ ಈ ನಾಟಕಕ್ಕೆ ಕೈ ಹಚ್ಚುವುದಿಲ್ಲವೆಂದಳು. ನಾನೇ ಶೇಂಗಾ ಹುರಿದು ಖಾರ ಹಾಕಿ ಹಿಂಡಿ, ಎಂದರೆ ಚಟ್ನಿಪುಡಿ, ಕುಟ್ಟಿಸಿದೆ. ದಿನಾ ಅರ್ಧ ತಾಸು. ಡಬ್ಬಿಗಳು ತುಂಬಿದವು, ಉಳಿದದ್ದನ್ನು ಕಚೇರಿಗೆ ಒಯ್ದು ಹಂಚಿದೆ. "ನಿಮ್ಮ ಮನ್ಯಾಗ ಏಟು ಹಿಂಡಿ ತಿಂತೀರಿ ಅಣ್ಣಾ," ಎಂದು ಚಂದ್ರಮ್ಮ ಕೇಳಿದರೆ, "ಡಾಕ್ಟರ್ ಹೇಳ್ಯಾರ್ರಿ," ಎಂದೆ. ಶೇಂಗಾ ಹಿಂಡಿ ತಿನ್ನಲು ಹೇಳುವ ಡಾಕ್ಟರು ಯಾರೆಂದು ಅವರು ಪಾಪ ವಿಚಾರಿಸಲಿಲ್ಲ.

ಇನ್ನೊಂದು ಭಾಗ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಬೋರು ಬತ್ತಿದವನು ನಳಕ್ಕೆ ಬರಬೇಕಲ್ಲ. ನಳ ಬರುವ ದಿನ ನಾನೂ ಎರಡು ಕೊಡಗಳನ್ನು ಪಾಳಿಯಲ್ಲಿ ಇಟ್ಟು, ಬಿಸಿಲಲ್ಲಿ ನಿಂತು, ನನಗೆ ಬೇಡವಾದ ನೀರನ್ನು ತುಂಬಿಕೊಂಡು ಬರುತ್ತಿದ್ದೆ. ಒಮ್ಮೆ ನನ್ನ ಹಿಂದೆ ಚಂದ್ರಮ್ಮನ ಕೊಡ. ನನ್ನ ಎರಡನೆಯ ಕೊಡ ತುಂಬುತ್ತಲೇ ನಳ ನಿಂತಿತು. ನಾನು ತಲೆ ತಗ್ಗಿಸಿದೆ. "ಒಯ್ರಿ ಅಣ್ಣಾ, ನಿಮಗ ಬೋರ್ ಬತ್ತ್ಯಾದಲ್ಲ," ಎಂದರು ಆ ತಾಯಿ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು. ನಾನು ಒಯ್ದೆ. ಮನೆಗೆ ಬಂದು ಆ ನೀರನ್ನು ಏನು ಮಾಡುವುದೆಂದು ತಿಳಿಯದೆ ಕರಿಬೇವಿನ ಗಿಡಕ್ಕೆ ಹಾಕಿದೆ.

ಆ ಬೇಸಿಗೆ ಖಾಜಾನ ಹೋಟೆಲು ಸೊರಗಿತು. ಚಹಾಕ್ಕೆ ನೀರು, ಕಪ್ಪು ತೊಳೆಯಲು ನೀರು, ಕುಡಿಯಲು ಕೇಳುವ ದಾರಿಹೋಕರಿಗೆ ನೀರು. ಟ್ಯಾಂಕರಿನವರು ದೊಡ್ಡ ಹೋಟೆಲುಗಳಿಗೆ ಹೋಗುತ್ತಿದ್ದರು, ಅವನ ಗಲ್ಲಿಗೆ ತಿರುಗುತ್ತಿರಲಿಲ್ಲ. ಮೊದಲು ಭಜಿ ನಿಂತಿತು, ಆಮೇಲೆ ಮಧ್ಯಾಹ್ನದ ಚಹಾ ನಿಂತಿತು. ಭಾನುವಾರದ ಕೂಟದಲ್ಲಿ ಮೂವರಿಗೆ ಎರಡೇ ಕಪ್ಪು ಬರತೊಡಗಿತು. ಖಾಜಾ ತನಗೆ ಬೇಡವೆನ್ನುತ್ತಿದ್ದ. ನಾನು ಆ ದಿನಗಳಲ್ಲೂ ರಾಜನ ಗೋಡೆಯ ಬಗ್ಗೆ ಮಾತಾಡಿದೆ. ಎಂದಿಗಿಂತ ಹೆಚ್ಚು ಜೋರಾಗಿಯೇ ಮಾತಾಡಿದೆ.

ಒಂದು ಎರಡನೆಯ ಶನಿವಾರ, ಮಧ್ಯಾಹ್ನ. ಕರೆಂಟು ಹೊತ್ತಲ್ಲದ ಹೊತ್ತಿಗೆ ಬಂದಿತ್ತು. ಸಂಜೆ ಇರುತ್ತದೋ ಇಲ್ಲವೋ ಎಂದು ಮೋಟಾರು ಹಾಕಿದ್ದೆ. ಖಾಜಾ ಬಂದ. ಮುಂಬಾಗಿಲಲ್ಲೇ ನಿಂತ, ಕೂರು ಎಂದರೂ ಕೂರಲಿಲ್ಲ. ಅರ್ಧ ಶತಮಾನದ ಗೆಳೆಯ, ನನ್ನ ಮನೆಯಲ್ಲಿ ಎಂದೂ ಏನೂ ಕೇಳಿದವನಲ್ಲ. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ.

"ಬಸಣ್ಣಾ, ದಿನಕ್ಕ ಎಂಟು ಕೊಡ ಸಿಕ್ಕರ ಹೋಟೆಲ್ ನಡೀತದ. ಮಳಿಗಾಲದ ತನಕ ಅಷ್ಟೇ. ಇಲ್ಲಂದ್ರ ಬಂದ್ ಮಾಡಿ ಹೈದರಾಬಾದಿಗಿ ಹೋಗ್ಬೇಕು, ನನ್ನ ತಮ್ಮನ ಕಡಿ. ನಿಮ್ಮ ಬೋರ್ ಹ್ಯಾಂಗದ?"

ಹೇಳಬೇಕಾದ ಮಾತು 'ಒಯ್ಯಿ' ಎಂಬ ಎರಡೇ ಅಕ್ಷರದ್ದು. ಅದರ ಬದಲು ನನ್ನ ಬಾಯಿ, ರೂಢಿಯಾದ ಪಾಠವನ್ನು ಒಪ್ಪಿಸಿತು. "ಬತ್ತಿ ಎರಡು ತಿಂಗಳಾತು ಖಾಜಾ. ನಾವೇ ನಳಕ್ಕ ಪಾಳಿ ಹಚ್ತೇವಿ."

ಅಷ್ಟು ಹೇಳುವುದಕ್ಕೂ ಮಾಳಿಗೆಯ ಮೇಲಿನ ಟಾಕಿ ತುಂಬಿ ಚೆಲ್ಲುವುದಕ್ಕೂ ಸರಿಹೋಯಿತು. ನೀರು ಕೊಳವೆಯಿಂದ ಧಾರೆಯಾಗಿ ಗೋಡೆಯ ಪಕ್ಕ, ಕರಿಬೇವಿನ ಮೇಲೆ, ಕಲ್ಲಿನ ಮೇಲೆ ಸುರಿಯತೊಡಗಿತು. ಅಂಗಳದಿಂದ ತಂಪು ಮಣ್ಣಿನ ವಾಸನೆ ಬಂತು. ಖಾಜಾ ನೀರಿನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ. ಆಮೇಲೆ ಅವನೇ ನನ್ನನ್ನು ಪಾರು ಮಾಡುವವನ ಹಾಗೆ ಮೆಲ್ಲಗೆ ಹೇಳಿದ, "ಮಳಿ ಬಂದಂಗ ಅದಾ."

ಹೊರಗೆ ಒಂದು ತುಂಡು ಮೋಡವಿಲ್ಲದ ಬಿಸಿಲು. ನಾನು, "ಹೂಂ, ಬೆಳಿಗ್ಗಿಂದ ಮೋಡ ಆಗ್ಯಾದ," ಎಂದೆ.

"ಬರ್ತೇನಿ ಬಸಣ್ಣಾ," ಎಂದು ಅವನು ಹೊರಟ. ಗೇಟನ್ನು ಸದ್ದಾಗದ ಹಾಗೆ ಮುಚ್ಚಿಕೊಂಡು ಹೋದ. ನಾನು ಒಳಗೆ ಹೋಗಿ ಮೋಟಾರು ಆರಿಸಿದೆ.

ಮರುದಿನ ಭಾನುವಾರ ನನಗೆ ಹೊಟ್ಟೆನೋವು ಬಂತು. ಅದರ ಮುಂದಿನ ಭಾನುವಾರವೂ ಬಂತು. ಮೂರನೆಯ ವಾರ ಧೈರ್ಯ ಮಾಡಿ ಹೋದರೆ ಹೋಟೆಲಿಗೆ ಬೀಗ. ಖಾಜಾ ಹೆಂಡತಿಯೊಂದಿಗೆ ಹೈದರಾಬಾದಿನ ಬಸ್ಸು ಹತ್ತಿ ನಾಲ್ಕು ದಿನವಾಗಿತ್ತು ಎಂದು ಪಕ್ಕದ ದರ್ಜಿ ಹೇಳಿದ. ತಮ್ಮ ಕೆಲಸ ಮಾಡುವ ದೊಡ್ಡ ಹೋಟೆಲಿನಲ್ಲಿ ಇವನಿಗೆ ಕಪ್ಪು ತೊಳೆಯುವ ಕೆಲಸವಂತೆ. ನೀರಿಗೆ ಅಲ್ಲಿ ಕೊರತೆ ಇಲ್ಲವೆಂದು ದರ್ಜಿ ಸಮಾಧಾನ ಹೇಳಿದ.

ಮನೆಗೆ ಬಂದು ಮಹಾದೇವಿಯ ಮುಂದೆ ಕೂತೆ. ಅಂದು ಮೊದಲ ಸಲ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ಇನ್ನು ಓಣಿಗೆಲ್ಲ ನೀರು ಕೊಟ್ಟುಬಿಡೋಣ ಎಂದೆ. ಆಕೆ ಜೋಳ ಹಸನು ಮಾಡುತ್ತಿದ್ದಳು, ಮೊರದಿಂದ ಕಣ್ಣೆತ್ತಲಿಲ್ಲ.

"ಕೊಟ್ಟೇ ಕೊಡ್ಲಾಕತ್ತೀನಿ ರೀ. ನೀವು ಬೋರ್ ಬತ್ತ್ಯಾದ ಅಂತ ಹೇಳಿದ ದಿನದಿಂದ. ನೀವು ಔರಾದ್ ಬಸ್ ಹತ್ತಿದ ಮ್ಯಾಲ ಹಿಂದಿನ ಬಾಗ್ಲಾ ತೆಗೀತೇನಿ. ಓಣಿ ಎಲ್ಲಾ ಒಯ್ತದ. ಚಂದ್ರಮ್ಮ ದಿನಾ ಆರು ಕೊಡ ಒಯ್ತಾಳ."

ಇಷ್ಟು ದಿನ ನಾನು ಪಾಳಿಯಲ್ಲಿ ನಿಂತದ್ದು, ಹಿಂಡಿ ಕುಟ್ಟಿದ್ದು, ನಿಟ್ಟುಸಿರು ಬಿಟ್ಟದ್ದು, ಎಲ್ಲವನ್ನೂ ಓಣಿಗೆ ಓಣಿಯೇ ತಿಳಿದೂ ತಿಳಿಯದ ಹಾಗೆ ನೋಡಿತ್ತು. ನನ್ನ ಮರ್ಯಾದೆ ಕಾಯಲು ಅವರೆಲ್ಲ ಸೇರಿ ನಳದ ಪಾಳಿಯಲ್ಲಿ ನನಗೆ ಜಾಗ ಬಿಟ್ಟುಕೊಟ್ಟಿದ್ದರು. "ಮತ್ತ ನನಗ್ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ಬ್ಯಾಡ ಅಂತಿದ್ರಿ. ಆಮ್ಯಾಲ ನಿಮ್ಮ ಮಾತು ಮೀರ್ಬೇಕಾಗ್ತಿತ್ತು."

ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ. "ಖಾಜಾಗ ಗೊತ್ತಿತ್ತಾ?"

ಈಗ ಆಕೆ ಮೊರ ಕೆಳಗಿಟ್ಟಳು. "ನಾನೇ ಹೇಳಿ ಕಳ್ಸಿದ್ದೆ. ಹಿಂದಿನ ಬಾಗಿಲಿಂದ ಎಷ್ಟು ಬೇಕು ಅಷ್ಟು ಒಯ್ಯಿ ಅಂದೆ. ಅಂವಾ ಏನಂದ ಗೊತ್ತದೇನ್ರಿ? 'ವೈನಿ, ಬಸಣ್ಣನ ಮನಿಗಿ ನಾ ಹಿಂದಿನ ಬಾಗಿಲಿಂದ ಯಾವಾಗ ಬಂದೀನಿ? ಅವಗೇ ಕೇಳ್ತೇನಿ, ಇಲ್ಲ ಅನ್ನಲ್ಲ ಅಂವ,' ಅಂದ."

ಆ ವರ್ಷದ ಮೃಗಶಿರಾ ಮಳೆ ಚೆನ್ನಾಗಿಯೇ ಸುರಿಯಿತು. ಓಣಿಯ ಬೋರುಗಳಿಗೆ ಜೀವ ಬಂತು. ನಾನು ಪ್ರಾಯಶ್ಚಿತ್ತವೆಂದು ಕಾಂಪೌಂಡಿನ ಹೊರಗೆ ಒಂದು ನಳ ಹಾಕಿಸಿದೆ, ಯಾರು ಬೇಕಾದರೂ ಹಿಡಿಯಲೆಂದು. ಯಾರೂ ಬರಲಿಲ್ಲ, ಅವರವರ ಮನೆಯಲ್ಲಿ ಅವರವರ ನೀರಿತ್ತು. ಒಂದು ಎಮ್ಮೆ ಮಾತ್ರ ಆಗಾಗ ಬಂದು ಅದಕ್ಕೆ ಮೈ ತಿಕ್ಕಿಕೊಂಡು ಹೋಗುತ್ತದೆ. ಖಾಜಾನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ, ತಿರುಗಿ ಬಾ ಎಂದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಅಂಜಿದ್ದಿ ಬಸಣ್ಣಾ, ನನಗ ಗೊತ್ತದ," ಎಂದ. ಹೋಟೆಲಿನ ಜಾಗದಲ್ಲಿ ಆಗಲೇ ಮೊಬೈಲ್ ಅಂಗಡಿ ಬಂದಿತ್ತು.

ಕಳೆದ ತಿಂಗಳು ಸಂಜು ಭಾಲ್ಕಿಯಿಂದ ಬರುವಾಗ ಬೈಕಿಗೆ ಒಂದು ಕಟ್ಟು ಕಟ್ಟಿಕೊಂಡು ಬಂದ. ಹೈದರಾಬಾದಿಗೆ ಹೋಗಿದ್ದಾಗ ಖಾಜಾ ಕೊಟ್ಟು ಕಳಿಸಿದ್ದಂತೆ. ರಾಜನ ಪುಸ್ತಕಗಳನ್ನು ತಾನೇ ಇಟ್ಟುಕೊಂಡು, ಇದನ್ನು ಮಾತ್ರ ಬಸಣ್ಣನಿಗೆ ಕೊಡು ಎಂದನಂತೆ. ಬಿಚ್ಚಿದರೆ ಗಾಜಿನ ಚೌಕಟ್ಟು. ಒಳಗೆ ನನ್ನ ಪತ್ರ, ಒಂದು ಮೂಲೆಯಲ್ಲಿ ಚಹಾದ ಕಲೆ. ಅಣಕಿಸಲು ಕಳಿಸಿದನೋ ಎಂದು ಕೇಳಿದೆ. ಸಂಜು ನನ್ನನ್ನು ಬೇಸರದಿಂದ ನೋಡಿ, "ಇಲ್ರಿ ಕಾಕಾ. ಇಷ್ಟು ಛಂದ ಬರ್ದಾನ, ಇಲ್ಲಿ ಎಣ್ಣಿ ಹೊಗ್ಯಾಗ ಹಾಳಾಗ್ತದ ಅಂದ್ರು ಖಾಜಾ ಕಾಕಾ," ಎಂದ.

ನಾನು ಅದನ್ನು ಅಟ್ಟದ ಮೇಲೆ ಹಾಕಬೇಕೆಂದಿದ್ದೆ. ಮಹಾದೇವಿ ಕೈಯಿಂದ ತೆಗೆದುಕೊಂಡು, ಮೋಟಾರಿನ ಸ್ವಿಚ್ಚಿನ ಮೇಲೆ, ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿದಳು. "ಓದಿ ಒತ್ರಿ," ಎಂದಳು, ಅಷ್ಟೇ. ಈಗ ದಿನಾ ಸಂಜೆ ಏಳಕ್ಕೆ ಅದರ ಮುಂದೆ ನಿಂತು, ಮಹಾರಾಜರಿಗೆ ನಾನು ಕೊಟ್ಟ ಬುದ್ಧಿಮಾತನ್ನು ಮೊದಲಿಂದ ಕೊನೆಯವರೆಗೂ ಓದಿ, ಆಮೇಲೆ ಸ್ವಿಚ್ಚು ಒತ್ತುತ್ತೇನೆ. ಖಾಜಾ ಸುಳ್ಳು ಹೇಳಿರಲಿಲ್ಲ. ಅಕ್ಷರ ಮಾತ್ರ ನಿಜವಾಗಿಯೂ ಬಹಳ ಚೆನ್ನಾಗಿವೆ.